ಕ್ರಿಸ್ಮಸ್ ಗಡಿಬಿಡ್ಯಾಗ ಯೇಸುವಿನ ಮಾತೇ ಹಿಂದ್ ಬೀಳ್ಲತದ, ನೀವು ಹ್ಯಾಂಗ ಮಾಡ್ತೀರಿ?

ಬೀದರ್ ಅಕ್ಕ:
ಎಲ್ಲಾರಿಗೂ ವಂದನೆ. ಹೋದ ವರ್ಷ ಡಿಸೆಂಬರ್ 24ರ ಸಂಜಿಕಿ ಸಣ್ ಮಗನ ಪ್ಯಾಂಟ್ ಸೈಜ್ ಬದ್ಲಿ ಮಾಡ್ಲಾಕ ಅಂಗಡ್ಯಾಗ ನಿಂತಿದ್ದೆ, ಅಲ್ಲಿಂದ ಕೇಕ್, ಅಲ್ಲಿಂದ ನಕ್ಷತ್ರಕ್ಕ ಬಲ್ಬು, ಮನಿಗಿ ಬಂದು ಕರ್ಚಿಕಾಯಿ ಕರೀಲಾಕ ಕುಂತ್ರ ಚರ್ಚಿನ ಗಂಟಿ ಹೊಡೀತು, ಎಣ್ಣಿ ಕೈಲೇ ಹಂಗೇ ಕುಂತೆ, ರಾತ್ರಿ ಆರಾಧನಿಗಿ ಹೋಗ್ಲಾಕೇ ಆಗ್ಲಿಲ್ಲ. ಆ ಸಂಕಟ ಇನ್ನಾ ಹೋಗಿಲ್ಲ. ಮಗಳಿಗಿ ಯೇಸು ಎಲ್ಲಿ ಹುಟ್ಟಿದ ಅಂದ್ರ ಬೆತ್ಲೆಹೇಮ್ ಅಂತಾಳ, ಯಾಕ ಹುಟ್ಟಿದ ಅಂದ್ರ ಸುಮ್ಮ ಕುಂಡರ್ತಾಳ. ಈ ಸರ್ತಿ ಹಂಗ ಆಗಬಾರ್ದು. ಏನ್ ಮಾಡ್ಲಿ ಹೇಳ್ರಿ.

ಹುಮನಾಬಾದ್ ಕಡೀದವ:
ಅಕ್ಕಾರ, ಬೈಬಲ್‌ನಾಗಿನ ಲೂಕನ ಸುವಾರ್ತಿಗಿ ಬರೋಬ್ಬರಿ 24 ಅಧ್ಯಾಯ. ಡಿಸೆಂಬರ್ 1ಕ್ಕ ಶುರು ಮಾಡಿ ದಿನಾ ರಾತ್ರಿ ಊಟ ಆದ್ಮ್ಯಾಲ ಒಂದೊಂದು ಓದ್ತೀವಿ, ನಾಕು ವರ್ಷ ಆಯ್ತು. ನೋಡ್ರಿ, ಯೇಸು ಹುಟ್ಟೋದು ಎರಡನೇ ತಾರೀಖಿಗೇ ಮುಗೀತದ! ಆಮ್ಯಾಲ 10ಕ್ಕ ಯೇಸು ಹೇಳಿದ ಒಳ್ಳೆ ಸಮಾರ್ಯದವನ ಕಥಿ, 15ಕ್ಕ ತಪ್ಪಿಸ್ಕೊಂಡ ಮಗನ ಕಥಿ, 19ಕ್ಕ ಗಿಡ ಹತ್ತಿದ ಜಕ್ಕಾಯ, 23ಕ್ಕ ಶಿಲುಬೆ, 24ಕ್ಕ ಖಾಲಿ ಸಮಾಧಿ. ಮರುದಿನ ಮುಂಜಾನಿ ಚರ್ಚಿಗಿ ಹೋಗುವಾಗ ಯಾಕ ಹುಟ್ಟಿದ ಅಂತ ಮಕ್ಳಿಗಿ ಬ್ಯಾರೆ ಹೇಳೋದೇ ಬೇಕಾಗಲ್ಲ.

ಕಲಬುರಗಿ ತಮ್ಮ:
ನಾ ಬಟ್ಟಿ ಅಂಗಡ್ಯಾಗೇ ಕೆಲ್ಸ ಮಾಡ್ತೀನಿ, 24ಕ್ಕ ರಾತ್ರಿ ತನಕ ಬಿಡಲ್ಲ. ಒಂದು ಮಾತು, ಹೊಸ ಬಟ್ಟಿಗಿ ಬೈಬ್ಯಾಡ್ರಿ. ನಮ್ಮಪ್ಪ ತೊಗರಿ ಕೊಯ್ಲಿಗಿ ಕೂಲಿ ಹೋಗಿ ತಂದ ರೊಕ್ಕದಾಗ ವರ್ಷಕ್ಕ ಒಂದೇ ಅಂಗಿ, ಅದೂ ಕ್ರಿಸ್ಮಸ್ಸಿಗೇ, ಗಂಜಿ ವಾಸ್ನಿ ಇನ್ನಾ ಇರೋ ಅಂಗಿ ಹಾಕ್ಕೊಂಡು ಹಾಡ್ಲಾಕ ನಿಂತ್ರ ಅದೂ ದೇವ್ರಿಗಿ ಸ್ತೋತ್ರನೇ. ಆದ್ರ ಖರೀದಿ ಎಲ್ಲಾ ಅಡ್ವೆಂಟ್ (ಕ್ರಿಸ್ಮಸ್ಸಿಗಿ ತಯಾರಾಗೋ ಕಾಲ) ಮೊದಲ್ನೇ ಭಾನುವಾರಕ್ಕಿಂತ ಮೊದ್ಲೇ ಮುಗಿಸ್ರಿ, ಆಮ್ಯಾಲಿನ ನಾಕು ಭಾನುವಾರ ಕೈಯಾಗ ಉಳೀತಾವ. ನನಗಂತೂ ರಜೆ ಸಿಗಲ್ಲ, ಯೇಸು ಹುಟ್ಟಿದ ರಾತ್ರಿ ಕುರುಬರೂ ಡ್ಯೂಟಿ ಮ್ಯಾಲೇ ಇದ್ರು, ದೂತ ಅಲ್ಲಿಗೇ ಬಂದ. ಥಾನ್ ಮಡಚ್ತಾ ಮನಸ್ಸಿನ್ಯಾಗೇ ಪ್ರಾರ್ಥನಿ ಮಾಡ್ತೀನಿ.

ಗೋದಲಿ ಮನಿ:
ನಾವು ಕ್ಯಾಥೊಲಿಕ್ಕರು, ನಮಗ ಗೋದಲಿ (ಯೇಸು ಹುಟ್ಟಿದ ಕೊಟ್ಟಗಿ ತೋರ್ಸೋ ಅಲಂಕಾರ) ಭಾಳ ಮುಖ್ಯ. ಅಸ್ಸಿಸಿಯ ಸಂತ ಫ್ರಾನ್ಸಿಸ್ 1223ರಾಗ ಗ್ರೆಚ್ಚೊ ಅನ್ನೋ ಊರಾಗ ಖರೇ ಎತ್ತು, ಕತ್ತೆ, ಹುಲ್ಲು ಇಟ್ಟು ಜನಕ್ಕ ತೋರಿಸಿದ್ರು, ಬಡತನದಾಗ ಹುಟ್ಟಿದ್ದು ಕಣ್ಣಿಗಿ ಕಾಣ್ಲಿ ಅಂತ. ನಮ್ಮನ್ಯಾಗ ಮೊದ್ಲು ಹುಲ್ಲಿಲ್ಲದ ಖಾಲಿ ತೊಟ್ಲು ಇಡ್ತೀವಿ. ಮಕ್ಳು ಯಾರಿಗರೇ ಸಹಾಯ ಮಾಡಿದ್ರ ಒಂದು ಜ್ವಾಳದ ಕಣಕಿ ಚೂರು ಹಾಕ್ತಾರ, 24ರ ರಾತ್ರಿ ಬಾಲಯೇಸುನ್ನ ಅದ್ರ ಮ್ಯಾಲ ಮಲಗಸ್ತೀವಿ. ಹೋದ ವರ್ಷ ನನ್ ಸಣ್ಣಾಕಿ ಬಾಜು ಮನಿ ಅಜ್ಜಿಗಿ ನೀರ್ ತುಂಬಿ ಕೊಟ್ಟು ಬಂದು, ಕಣಕಿ ಚುಚ್ತದಂತ ಹೇಳಿ, ಕೈಲೇ ತಿಕ್ಕಿ ಮೆತ್ತಗ ಮಾಡಿ ಹಾಕಿದ್ಳು.

ಬೀದರ್ ಅಕ್ಕ:
ಓದಿ ಕಣ್ಣಾಗ ನೀರು ಬಂತು. ಕಣಕಿ ನಮ್ಮಣ್ಣನ ಬಣವಿಯಿಂದ ತರಸ್ತೀನಿ. ಆದ್ರ ಲೂಕ ತೆಗದು ನೋಡ್ದೆ, ಮೊದಲ್ನೇ ಅಧ್ಯಾಯಕ್ಕೇ 80 ವಚನ ಅವ, ಮಕ್ಳು ಮಲಗಿಬಿಡ್ತಾರಲ್ರಿ?

ಹುಮನಾಬಾದ್ ಕಡೀದವ:
ಎರಡು ಭಾಗ ಮಾಡ್ರಿ ಅಕ್ಕಾರ. ಮುಂಜಾನಿ ಚಾ ಕುಡಿಯೋ ಹೊತ್ತಿಗಿ ಒಂದಿಷ್ಟು, ಯೇಸುವಿನ ತಾಯಿ ಮರಿಯಳ ಹಾಡಿಂದ ಮುಂದಿಂದು ರಾತ್ರಿಗಿ. ಆ ಹಾಡು ಮಗಳ ಕೈಲೇ ಓದಸ್ರಿ.