ಸಹಾಯ ಬೇಕು: ಹಳೇ ಸರ್ವರ್ ಬದಲಿಸಬೇಕು, ಎಲ್ಲಿಂದ ಶುರು ಮಾಡಲಿ?

ಎಲ್ಲರಿಗೂ ನಮಸ್ಕಾರ. ಪೀಣ್ಯದ ಒಂದು ಕಾರ್ಖಾನೆಯಲ್ಲಿ ಐಟಿ ನೋಡಿಕೊಳ್ಳುತ್ತೇನೆ. ಸ್ಟಾಕ್, ಪರ್ಚೇಸ್, ಜಿಎಸ್‌ಟಿ ಬಿಲ್ ಎಲ್ಲಾ ಇನ್ನೂ ವಿಂಡೋಸ್ ಸರ್ವರ್ 2012 ಆರ್2 ಮೇಲೇ ಓಡುತ್ತಿದೆ. ಅದಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಮಾಮೂಲಿ ಸಪೋರ್ಟ್ (ಸೆಕ್ಯುರಿಟಿ ಅಪ್‌ಡೇಟ್) 2023ರ ಅಕ್ಟೋಬರ್ 10ಕ್ಕೇ ನಿಂತಿದೆ. ಸಾಫ್ಟ್‌ವೇರ್ ಬರೆದುಕೊಟ್ಟವರು ಅಂಗಡಿ ಮುಚ್ಚಿದ್ದಾರೆ, ಸೋರ್ಸ್ ಕೋಡ್ ನಮ್ಮ ಹತ್ತಿರ ಇಲ್ಲ. ಬ್ಯಾಕಪ್ ಅಂದರೆ ಅದೇ ಸರ್ವರ್‌ಗೆ ಸದಾ ಸಿಕ್ಕಿಸಿಟ್ಟ ಒಂದು ಹಾರ್ಡ್ ಡಿಸ್ಕ್. ರ‍್ಯಾನ್ಸಮ್‌ವೇರ್ (ಫೈಲ್‌ಗಳನ್ನು ಲಾಕ್ ಮಾಡಿ ದುಡ್ಡು ಕೇಳುವ ವೈರಸ್) ಬಂದರೆ ಎರಡೂ ಒಟ್ಟಿಗೇ ಹೋಗುತ್ತವೆ, ಅಲ್ವಾ?

ಯಜಮಾನರದು ಒಂದೇ ಮಾತು: "ಓಡ್ತಾ ಇದೆಯಲ್ಲ, ಸುಮ್ನೆ ಯಾಕೆ ಮುಟ್ತೀಯ?"

ಡೇಟಾ ಮೈಕ್ರೋಸಾಫ್ಟ್‌ನ ಡೇಟಾಬೇಸ್ ಆದ ಎಸ್‌ಕ್ಯೂಎಲ್ ಸರ್ವರ್‌ನಲ್ಲಿದೆ. ಇದ್ದ ಹಾಗೇ ಕ್ಲೌಡ್‌ಗೆ ಹಾಕುವುದೋ, ಹೊಸ ಇಆರ್‌ಪಿ (ಸ್ಟಾಕ್, ಪರ್ಚೇಸ್, ಲೆಕ್ಕ ಎಲ್ಲಾ ಒಟ್ಟಿಗೆ ನೋಡಿಕೊಳ್ಳುವ ಸಾಫ್ಟ್‌ವೇರ್) ಕೊಳ್ಳುವುದೋ? ಮಾರ್ಚ್‌ನಲ್ಲಂತೂ ಕೆಲಸ ನಿಲ್ಲಿಸುವ ಹಾಗಿಲ್ಲ. ಇಂಥದ್ದು ಮಾಡಿದವರು ಖರ್ಚೆಷ್ಟಾಯಿತು, ಎಷ್ಟು ದಿನ ಹಿಡಿಯಿತು ಹೇಳಿ. ಮಾರುವವರ ಫೋನ್ ಮಾತ್ರ ಬೇಡ, ಅವು ಈಗಲೇ ಜಾಸ್ತಿ ಬರುತ್ತಿವೆ.