‘ಮಲಿದಾ’: ಬೆನೆ ಇಸ್ರೇಲಿಗಳ ಮರಾಠಿಯಲ್ಲಿ ಇದರ ಅರ್ಥವೇನು?

ಪ್ರಶ್ನೆ: ಮುಂಬಯಿಯ ಬೆನೆ ಇಸ್ರೇಲ್ ಯೆಹೂದಿಗಳ ಬಗೆಗಿನ ಮರಾಠಿ ಬರಹವೊಂದರಲ್ಲಿ ‘ಜುನ್ಯಾ ಮಶಿದೀತ ಮಲಿದಾ ಝಾಲಾ, ಮುಕಾದಮ ಹಜರ ಹೋತೆ’ ಎಂಬ ವಾಕ್ಯವಿದೆ. ‘ಹಳೆ ಮಸೀದಿಯಲ್ಲಿ ಮಾದಲಿ ಮಾಡಿದರು, ಮೇಸ್ತ್ರಿಯೂ ಇದ್ದ’ ಎಂದು ಅನುವಾದಿಸಿದರೆ ಉರುಸಿನ ವರ್ಣನೆಯಾಗಿಬಿಡುತ್ತದೆ. ಸರಿಯಾದ ಅರ್ಥವೇನು, ಕನ್ನಡದಲ್ಲಿ ಹೇಗೆ ಬರೆಯಬೇಕು? ತಿಳಿದವರು ದಯವಿಟ್ಟು ಹೇಳಿ.

ಉತ್ತರ: ಮೇಡಂ, ನಿಮ್ಮ ಅನುಮಾನ ಸರಿಯಾಗಿದೆ. ಇಲ್ಲಿ ‘ಮಶೀದ’ ಎಂದರೆ ಸಿನಗಾಗ್. ಬೆನೆ ಇಸ್ರೇಲಿಗಳು ತಮ್ಮ ಪ್ರಾರ್ಥನಾಲಯವನ್ನು ಹಾಗೆಯೇ ಕರೆಯುತ್ತ ಬಂದವರು. ‘ಜುನಿ ಮಶೀದ’ ಎಂಬುದು ಮುಂಬಯಿಯ ಶಾರ್ ಹರಹಮೀಮ್ ಸಿನಗಾಗಿನ ರೂಢಿನಾಮ. 1796ರಲ್ಲಿ ಅದನ್ನು ಕಟ್ಟಿಸಿದ ಸ್ಯಾಮ್ಯುಯೆಲ್ ಎಝೆಕಿಯಲ್ ದಿವೇಕರ್ ಈಸ್ಟ್ ಇಂಡಿಯಾ ಕಂಪನಿಯ ಸೇನೆಯಲ್ಲಿದ್ದವರು. ಟಿಪ್ಪುವಿನ ಸೆರೆಗೆ ಸಿಕ್ಕಿ, ಬಿಡುಗಡೆಯಾದರೆ ದೇವಾಲಯ ಕಟ್ಟಿಸುವುದಾಗಿ ಹರಕೆ ಹೊತ್ತಿದ್ದರು ಎನ್ನುತ್ತದೆ ಸಮುದಾಯದ ಐತಿಹ್ಯ. ಕನ್ನಡದಲ್ಲಿ ‘ಸಿನಗಾಗ್’ ಎನ್ನಿ. ಕನ್ನಡ ಬೈಬಲಿನ ‘ಸಭಾಮಂದಿರ’ವೂ ನಡೆಯುತ್ತದೆ, ಬೈಬಲ್ ಓದಿದವರಿಗೆ ತಟ್ಟನೆ ಹೊಳೆಯುತ್ತದೆ, ಉಳಿದವರಿಗೆ ಯಾವುದೋ ಸಂಘದ ಕಟ್ಟಡ ಅನ್ನಿಸಬಹುದು.

ಇನ್ನು ಮಲಿದಾ. ‘ತಿಕ್ಕಿದ್ದು, ನಾದಿದ್ದು’ ಎಂಬರ್ಥದ ಪಾರಸಿ ಪದ ಅದು. ರೊಟ್ಟಿ ಚಪಾತಿ ಮುರಿದು ಬೆಲ್ಲ ಬೆರೆಸುವ ತಿನಿಸಿಗೆ ಆ ಹೆಸರು ಸರಿಹೊಂದುತ್ತದೆ. ಬೆನೆ ಇಸ್ರೇಲಿಗಳ ಮಲಿದಾದಲ್ಲಿ ಮಾತ್ರ ರೊಟ್ಟಿಯ ಚೂರೂ ಇರುವುದಿಲ್ಲ, ಅದು ಅವಲಕ್ಕಿಯದು. ಆದ್ದರಿಂದ ‘ಮಾದಲಿ’ ಬೇಡವೇ ಬೇಡ. ಅರ್ಧ ಕಿಲೋ ಅವಲಕ್ಕಿಗೆ ಒಂದು ಕಾಯಿಯ ಹಸಿ ತುರಿ, ಒಂದು ಬಟ್ಟಲು ಸಕ್ಕರೆ, ಏಲಕ್ಕಿ ಪುಡಿ, ದ್ರಾಕ್ಷಿ, ಬಾದಾಮಿ ಹಾಕಿ ಕೈಯಲ್ಲೇ ಕಲಸುತ್ತಾರೆ. ಅವಲಕ್ಕಿಯನ್ನು ತೊಳೆದು ತಕ್ಷಣ ಬಸಿಯಬೇಕು. ನೀರಲ್ಲೇ ಬಿಟ್ಟರೆ ಸಕ್ಕರೆ ಬಿದ್ದೊಡನೆ ಮುದ್ದೆಯಾಗುತ್ತದೆ. ತುಪ್ಪ ಹಾಕದಿದ್ದರೆ ಅನುಕೂಲ: ಮಲಿದಾದ ಬೆನ್ನಿಗೆ ಮಾಂಸದೂಟ ಇರುವುದುಂಟು, ಯೆಹೂದಿ ಆಹಾರನಿಯಮದಲ್ಲಿ ಮಾಂಸದ ಜೊತೆ ಹಾಲಿನ ಪದಾರ್ಥ ಸೇರುವಂತಿಲ್ಲ.

ಆದರೆ ನಿಮ್ಮ ವಾಕ್ಯದಲ್ಲಿ ‘ಮಲಿದಾ ಝಾಲಾ’ ಎಂದಿದೆಯಲ್ಲ, ಅಲ್ಲಿ ಅದು ತಿನಿಸಲ್ಲ, ಇಡೀ ವಿಧಿ. ಮದುವೆ, ಸುನ್ನತಿ, ಗೃಹಪ್ರವೇಶ, ಹರಕೆ ತೀರಿಸುವುದು, ಇಂಥ ಸಂದರ್ಭಗಳಲ್ಲಿ ಬೈಬಲಿನ ಪ್ರವಾದಿ ಎಲೀಯನನ್ನು ನೆನೆದು ಮಾಡುವಂಥದ್ದು. ದೊಡ್ಡ ತಟ್ಟೆಯಲ್ಲಿ ಅವಲಕ್ಕಿ ಒಟ್ಟಿ, ಸುತ್ತ ಹಣ್ಣು ಜೋಡಿಸಿ, ಗುಲಾಬಿ ಇಡುತ್ತಾರೆ. ‘ಎಲಿಯಾಹು ಹನ್ನಾಬಿ’ ಹಾಡಿದ ಮೇಲೆ ಒಂದೊಂದಕ್ಕೂ ಬೇರೆ ಬೇರೆ ಆಶೀರ್ವಚನ. ಎಡವುವುದು ಇಲ್ಲಿಯೇ. ಖರ್ಜೂರಕ್ಕೆ ‘ಮರದ ಫಲ’ದ್ದು, ಬಾಳೆಹಣ್ಣಿಗೆ ‘ನೆಲದ ಫಲ’ದ್ದು, ಯಾಕೆಂದರೆ ವರ್ಷದಿಂದ ವರ್ಷಕ್ಕೆ ನಿಲ್ಲುವ ಕಾಂಡ ಬಾಳೆಗಿಲ್ಲ, ಶಾಸ್ತ್ರದ ಲೆಕ್ಕದಲ್ಲಿ ಅದು ಮರವಲ್ಲ. ಮರದ ಹಣ್ಣಿಗೆ ಬಾಯಿತಪ್ಪಿ ನೆಲದ್ದನ್ನು ಹೇಳಿದರೂ ಸಲ್ಲುತ್ತದೆ, ಮರವೂ ನೆಲದಿಂದಲೇ ಬಂದದ್ದು. ಬಾಳೆಗೆ ಮರದ್ದನ್ನು ಹೇಳಿದರೆ ಸಲ್ಲದು. ಗುಲಾಬಿಯನ್ನು ತಿನ್ನುವುದಿಲ್ಲ, ಮೂಸುತ್ತಾರೆ. ಪರಿಮಳದ ಆಶೀರ್ವಚನ ಬೇರೆಯೇ ಇದೆ. ಮರಾಠಿ ಬರಹದಲ್ಲಿ ‘ಪ್ರಸಾದ’ ಎಂದಿದ್ದರೆ ಹಾಗೇ ಎತ್ತಿಕೊಳ್ಳಬೇಡಿ. ಇಲ್ಲಿ ದೇವರಿಗೆ ನೈವೇದ್ಯ ಮಾಡಿ ಹಂಚುವುದಲ್ಲ, ತಿನ್ನುವ ಮೊದಲು ದೇವರನ್ನು ಸ್ತುತಿಸುವುದು. ‘ಮಲಿದಾ ವಿಧಿ’ ಎಂದು ಬರೆದು, ಮೊದಲ ಸಲ ಬಂದಾಗ ‘ಎಲೀಯನ ಹೆಸರಿನ ಅವಲಕ್ಕಿ-ಹಣ್ಣಿನ ಅರ್ಪಣೆ’ ಎಂದು ಬಿಡಿಸಿ ಹೇಳಿದರೆ ಸಾಕು.

ಇನ್ನೊಬ್ಬರ ಸೇರ್ಪಡೆ: ಮೇಲಿನ ಉತ್ತರದಲ್ಲಿ ಒಂದೇ ತಕರಾರು. ನೈವೇದ್ಯವಲ್ಲ ಎಂದ ಮೇಲೆ ‘ಅರ್ಪಣೆ’ ಯಾಕೆ ಸರ್? ‘ಎಲೀಯನನ್ನು ನೆನೆದು ಅವಲಕ್ಕಿ-ಹಣ್ಣು ಹಂಚುವ ಆಚರಣೆ’ ಎನ್ನಬಹುದು. ‘ಹನ್ನಾಬಿ’ಯಲ್ಲಿನ ‘ನಬಿ’ ನೋಡಿ ಓದುಗರು ಇಸ್ಲಾಮಿನ ಕಡೆ ಹೊರಳುವ ಸಾಧ್ಯತೆಯೂ ಇದೆ. ಹೀಬ್ರೂವಿನಲ್ಲೂ ಪ್ರವಾದಿಗೆ ಅದೇ ಮಾತು.

ಮುಕಾದಮ ಎಂದರೆ ನಮ್ಮ ಕಡೆ ಕಬ್ಬು ಕಡಿಯುವ ಗ್ಯಾಂಗಿನ ಮುಖಂಡ. ಬೆನೆ ಇಸ್ರೇಲಿಗಳಲ್ಲಿ ಅವರು ಸಿನಗಾಗಿನ ಸಮುದಾಯದ ಯಜಮಾನರು, ಬಹುವಚನವೇ ಬೇಕು, ‘ಮೇಸ್ತ್ರಿ’ ಖಂಡಿತ ಆಗದು. ಅವರ ಜೊತೆಯ ಹಿರಿಯರು ಚೌಗುಲೆಗಳು. ಬೆಳಗಾವಿ ಕಡೆಯವರಿಗೆ ಅಡ್ಡಹೆಸರಾಗಿ ಚಿರಪರಿಚಿತ. ಪ್ರಾರ್ಥನೆ ನಡೆಸುವವರು ಹಝಾನ್, ಸಿನಗಾಗಿನ ಬೀಗ-ದೀಪ ನೋಡಿಕೊಳ್ಳುವವರು ಶಮ್ಮಾಶ್. ಮುಂದೆ ‘ಗಬ್ಬಾಯ್’ ಬಂದರೆ ಸ್ವಲ್ಪ ನಿಧಾನಿಸಿ. ಬೇರೆ ದೇಶಗಳ ಸಿನಗಾಗುಗಳಲ್ಲಿ ಯೆಹೂದಿ ಧರ್ಮಗ್ರಂಥವಾದ ತೋರಾ ಓದುವಾಗ ಹೆಸರು ಹಿಡಿದು ಜನರನ್ನು ವೇದಿಕೆಗೆ ಕರೆಯುವ, ಓದು ತಪ್ಪಿದರೆ ತಿದ್ದುವ ವ್ಯಕ್ತಿಗೆ ಈ ಹೆಸರು. ಬೆನೆ ಇಸ್ರೇಲಿಗಳಲ್ಲಿ ಅವರು ಹಣಕಾಸು ನೋಡುವವರು, ‘ಖಜಾಂಚಿ’ ಎಂದೇ ಬರೆಯಿರಿ.