‘ಆರೋಹಿಸು’ ಬೇಡವಾದರೆ ‘ಮೌಂಟ್’ಗೆ ಯಾವ ಪದ?

ಪ್ರಶ್ನೆ: ನಮಸ್ಕಾರ. ಲಿನಕ್ಸ್ ಕಡತ ನಿರ್ವಾಹಕವೊಂದರ ಸಂದೇಶಗಳನ್ನು ಕನ್ನಡಿಸುವಾಗ ಎರಡು ಸಾಲುಗಳಲ್ಲಿ ತೊಡಕಾಗಿದೆ. ‘ಡಿಸ್ಕನ್ನು ಆರೋಹಿಸಲಾಗಲಿಲ್ಲ’ ಎಂಬುದು ಮೊದಲನೆಯದು; ಡಿಸ್ಕಿನ ಕಡತಗಳು ಒಂದು ಫೋಲ್ಡರಿನಲ್ಲಿ ಕಾಣುವಂತೆ ಮಾಡುವ ‘ಮೌಂಟ್’ಗೆ ಇಲ್ಲಿ ‘ಆರೋಹಿಸು’ ಎಂದಿದೆ. ಪೆನ್‌ಡ್ರೈವ್ ತೆಗೆಯಹೊರಟಾಗ ಕಾಣುವ ‘ಗುರಿಯು ಕಾರ್ಯನಿರತವಾಗಿದೆ’ ಎರಡನೆಯದು. ಓದಿದವರಿಗೆ ಮುಂದೇನು ಮಾಡಬೇಕೆಂದು ತಿಳಿಯುವುದಿಲ್ಲ. ‘ಏರಿಸು–ಇಳಿಸು’ ಎಂದರೆ ಆದೀತೇ?

ಉತ್ತರ: ‘ಆರೋಹಿಸು’ ಕಠಿಣ ಪದ ಎನ್ನುವುದಕ್ಕಿಂತ ತಪ್ಪು ಪದ. ಬೆಟ್ಟವನ್ನು ಆರೋಹಿಸುವುದೆಂದರೆ ಬೆಟ್ಟದ ಮೇಲೆ ನಾವು ಹತ್ತುವುದು. ಹಾಗಾಗಿ ‘ಡಿಸ್ಕನ್ನು ಆರೋಹಿಸು’ ಎಂದಾಗಲೂ ಹತ್ತುವವರು ನಾವೇ ಆಗುತ್ತೇವೆ, ಡಿಸ್ಕ್ ಎಲ್ಲಿಗೂ ಹೋಗುವುದಿಲ್ಲ. ಇಂಗ್ಲಿಷಿನ ‘ಮೌಂಟ್’ ಇಲ್ಲಿ ಹತ್ತುವ ಅರ್ಥದ್ದಲ್ಲ, ಕೂರಿಸುವ ಅರ್ಥದ್ದು. ಹಿಂದೆ ಟೇಪಿನ ಸುರುಳಿಯನ್ನೂ ಡಿಸ್ಕಿನ ಕಟ್ಟನ್ನೂ ಆಪರೇಟರುಗಳು ಕೈಯಾರೆ ಯಂತ್ರಕ್ಕೆ ಕೂರಿಸುತ್ತಿದ್ದರು; ಪದ ಬಂದದ್ದು ಅಲ್ಲಿಂದ.

‘ಏರಿಸು–ಇಳಿಸು’ ಅರ್ಥಕ್ಕೆ ಹತ್ತಿರವೇ. ಆದರೆ ಅಪ್‌ಲೋಡ್, ಡೌನ್‌ಲೋಡ್‌ಗೆ ಜನ ಆ ಜೋಡಿಯನ್ನು ಆಗಲೇ ಬಳಸುತ್ತಿದ್ದಾರೆ. ‘ಲಗತ್ತಿಸು’ ಇಮೇಲಿನ ಪಾಲಾಗಿದೆ. ‘ಸೇರಿಸು’ ಅಪಾಯದ ಪದ: ಕಡತಗಳಿರುವ ಫೋಲ್ಡರಿನ ಮೇಲೆ ಡಿಸ್ಕನ್ನು ಮೌಂಟ್ ಮಾಡಿದರೆ ಎರಡೂ ಬೆರೆಯುವುದಿಲ್ಲ. ಫೋಲ್ಡರಿನಲ್ಲಿದ್ದವು ಮರೆಯಾಗುತ್ತವೆ, ಅನ್‌ಮೌಂಟ್ ಮಾಡಿದ ಮೇಲೆ ಮತ್ತೆ ಕಾಣುತ್ತವೆ. ‘ಸೇರಿಸು’ ಎಂದು ಓದಿದವರು ಹಳೆಯ ಕಡತಗಳೆಲ್ಲ ಅಳಿಸಿಹೋದವೆಂದು ಗಾಬರಿಯಾಗುತ್ತಾರೆ.

ನನ್ನ ಮತ ‘ಹೂಡು’ ಪದಕ್ಕೆ. ಗಾಡಿಗೆ ಎತ್ತು ಹೂಡುತ್ತೇವೆ, ಬಿಲ್ಲಿಗೆ ಬಾಣ ಹೂಡುತ್ತೇವೆ. ಯಾವುದಕ್ಕೆ, ಯಾವುದನ್ನು ಎಂಬ ಎರಡು ಜಾಗವೂ ಈ ಕ್ರಿಯಾಪದದಲ್ಲೇ ಇದೆ. ಮೌಂಟ್ ಆದೇಶಕ್ಕೂ ಬೇಕಾದದ್ದು ಆ ಎರಡೇ, ಒಂದು ಸಾಧನ ಮತ್ತು ಒಂದು ಫೋಲ್ಡರ್: ‘ಈ ಫೋಲ್ಡರಿಗೆ ಡಿಸ್ಕನ್ನು ಹೂಡಲಾಗಲಿಲ್ಲ’. ಮೌಂಟ್ ಪಾಯಿಂಟ್ ‘ಹೂಡುತಾಣ’ ಆಗಬಹುದು. ‘ಹೂಡಿಕೆ’ ಮಾತ್ರ ಬೇಡ, ಅದು ಬಂಡವಾಳದ ಮಾತು.

ಎರಡನೆಯ ಸಾಲಿನಿಂದ ಆಗುವ ತೊಂದರೆ ದೊಡ್ಡದು. ‘ಕಾರ್ಯನಿರತ’ ಎಂದರೆ ಏನೋ ಕೆಲಸ ನಡೆದಿದೆ, ಕಾದರೆ ಮುಗಿಯುತ್ತದೆ ಎಂದಾಯಿತು. ಟರ್ಮಿನಲ್ಲೊಂದು (ಆದೇಶಗಳನ್ನು ಬರೆದು ಕೊಡುವ ಕಿಟಕಿ) ಡ್ರೈವ್ ಹೂಡಿದ ಫೋಲ್ಡರಿನೊಳಗೆ ನಿಂತಿದ್ದರೆ ಗಂಟೆಗಟ್ಟಲೆ ಕಾದರೂ ಅದು ಬಿಡುವುದಿಲ್ಲ. ‘ಬಳಕೆಯಲ್ಲಿದೆ’ ಎಂದರೆ ಓದುಗರು ಯಾರ ಬಳಕೆಯಲ್ಲಿದೆ ಎಂದು ಹುಡುಕುತ್ತಾರೆ, ಮಾಡಬೇಕಾದದ್ದೂ ಅದೇ. ‘ಫ್ಯೂಸರ್’ ಆದೇಶಕ್ಕೆ ‘ವಿ’, ‘ಎಂ’ ಆಯ್ಕೆಗಳನ್ನೂ ಹೂಡುತಾಣದ ದಾರಿಯನ್ನೂ ಕೊಟ್ಟರೆ ಅದನ್ನು ಬಳಸುತ್ತಿರುವ ಪ್ರೋಗ್ರಾಂಗಳ ಪಟ್ಟಿ ಬರುತ್ತದೆ. ಅದರಲ್ಲಿ ಚುಕ್ಕೆಗಳ ನಡುವೆ ‘ಸಿ’ ಅಕ್ಷರವಿದ್ದರೆ ಆ ಪ್ರೋಗ್ರಾಂ ನಿಂತಿರುವುದು ಆ ಫೋಲ್ಡರಿನಲ್ಲೇ. ಅದು ಟರ್ಮಿನಲ್ ಆಗಿದ್ದರೆ ಫೋಲ್ಡರ್ ಬದಲಿಸುವ ‘ಸಿಡಿ’ ಆದೇಶ ಹೊಡೆದು ಹೊರಬಂದರೆ ಸಾಕು. ದೊಡ್ಡಕ್ಷರದ ‘ಎಫ್’ ಇದ್ದರೆ ಕಡತವೊಂದು ಬರೆಯಲು ತೆರೆದಿದೆ, ಉಳಿಸಿ ಮುಚ್ಚಿ. ಪಟ್ಟಿ ನೋಡದೆ ‘ಕೆ’ ಆಯ್ಕೆ ಕೊಡಬೇಡಿ, ಪಟ್ಟಿಯ ಪ್ರೋಗ್ರಾಂಗಳನ್ನೆಲ್ಲ ಕೊಂದುಹಾಕುತ್ತದೆ. ಆ ದಾರಿಯಲ್ಲಿ ಏನೂ ಮೌಂಟ್ ಆಗಿರದಿದ್ದರಂತೂ ಮೂಲ ಕಡತವ್ಯವಸ್ಥೆಯ ಪ್ರೋಗ್ರಾಂಗಳೇ ಪಟ್ಟಿಗೆ ಬಂದುಬಿಡುತ್ತವೆ.

ಪ್ರಶ್ನೆ: ‘ಹೂಡು’ ಒಪ್ಪಿದೆ. ಇದಕ್ಕೆ ಎದುರು ಪದವಾಗಿ ‘ಬಿಚ್ಚು’ ಎನ್ನಬಹುದೇ? ಎತ್ತನ್ನು ಬಿಚ್ಚುತ್ತೇವಲ್ಲ.

ಉತ್ತರ: ‘ಡಿಸ್ಕ್ ಬಿಚ್ಚು’ ಎಂದರೆ ರಿಪೇರಿ ಮಾಡುವವರು ಸ್ಕ್ರೂ ತೆಗೆಯುವುದೆಂದೇ ತಿಳಿಯುತ್ತಾರೆ. ‘ಕಳಚು’ ಮೇಲು. ‘ಎಜೆಕ್ಟ್’ ಬೇರೆಯೇ ಕ್ರಿಯೆ, ಸಿಡಿಯ ತಟ್ಟೆ ಆಚೆ ಬರುವುದು ಅದರಿಂದ. ಅದಕ್ಕೆ ‘ಹೊರಹಾಕು’ ಇರಲಿ. ಇವೆರಡನ್ನೂ ಒಂದೇ ಪದದಲ್ಲಿ ಮುಗಿಸಬೇಡಿ.

ಇನ್ನೂ ಒಂದು ಸಂದೇಶ ನೋಡಿಕೊಳ್ಳಿ. ನಕಲು ನೂರಕ್ಕೆ ನೂರು ಮುಗಿದಂತೆ ಕಂಡರೂ ದತ್ತಾಂಶದ ಒಂದು ಭಾಗ ಮೆಮೊರಿಯಲ್ಲೇ ಉಳಿದಿರುತ್ತದೆ. ನಿಧಾನದ ಪೆನ್‌ಡ್ರೈವಿಗೆ ಅದನ್ನೆಲ್ಲ ಬರೆಯಲು ನಿಮಿಷಗಳೇ ಹಿಡಿಯಬಹುದು. ಉಳಿದದ್ದನ್ನು ಬರೆಸುವ ‘ಸಿಂಕ್’ ಆದೇಶ ಮುಗಿಯುವ ತನಕ ಕೀಳಬಾರದು. ಕಾಯಲು ಹೇಳಬೇಕಾದ ಜಾಗ ಇದು: ‘ಇನ್ನೂ ಬರೆಯಲಾಗುತ್ತಿದೆ, ಈಗಲೇ ಕೀಳಬೇಡಿ’. ಟರ್ಮಿನಲ್ಲಿನ ಪ್ರಸಂಗಕ್ಕೆ: ‘ಪೆನ್‌ಡ್ರೈವ್ ಕಳಚಲಾಗಲಿಲ್ಲ. ಟರ್ಮಿನಲ್ ಇದನ್ನು ಬಳಸುತ್ತಿದೆ.’